ಮಾಶಿಮಾ ಅವರ ವಿಷಮಜ್ವರ

ಯಾರದಾದರೂ ಮನೆಯಲ್ಲಿ ಮಾತು ರೆಕಾರ್ಡ್ ಮಾಡಲು ಕೂರುವ ಮುನ್ನ ಅವರ ಫ್ರಿಜ್ ಆಫ್ ಮಾಡಿ, ನನ್ನ ಕಾರಿನ ಕೀಯನ್ನು ಅದರೊಳಗೆ ಇಡುವುದು ನನ್ನ ಪದ್ಧತಿಯಾಗಿತ್ತು. ಫ್ರಿಜ್ಜಿನ ಗುಂಯ್‌ ಸದ್ದು ನಮ್ಮ ಕಿವಿಗೆ ರೂಢಿಯಾಗಿ ಕೇಳಿಸದೆ ಹೋದರೂ ಮೈಕಿಗೆ ಕೇಳಿಸುತ್ತದೆ. ಕೀ ಒಳಗಿದ್ದರೆ ಫ್ರಿಜ್ಜನ್ನು ಮತ್ತೆ ಆನ್ ಮಾಡದೆ ಮನೆ ಬಿಡಲು ಆಗುವುದಿಲ್ಲ. ಫೋರ್ ಎಸ್ ರ್ಯಾಂಚಿನ ಆ ಮನೆಯಲ್ಲಿ ಮೊದಲ ದಿನ ಹೀಗೆ ಮಾಡಿದಾಗ ಮನೆಯ ಯಜಮಾನರು ನನ್ನನ್ನೇ ನೋಡುತ್ತ ನಿಂತಿದ್ದರು.

"ಯಾಕವಾ, ಕೀಲಿಗೆ ಭಾಳ ಸೆಕಿ ಆಗಿತ್ತೇನು?" ಎಂದರು.

ಇದು 2005ರ ಮಾತು. ಅಮೆರಿಕದ ಯೂನಿವರ್ಸಿಟಿ ಸಿಟಿಯಲ್ಲಿ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ನನಗೆ ಕೆಲಸ. ಬೇರೆ ದೇಶಗಳಿಂದ ಬಂದು ಈ ಭಾಗದಲ್ಲಿ ನೆಲೆಸಿದ ಹಿರಿಯರ ಜೀವನಕಥೆಯನ್ನು ಅವರ ಬಾಯಿಂದಲೇ ಕೇಳಿ, ಧ್ವನಿಮುದ್ರಿಸಿ, ಗ್ರಂಥಾಲಯದಲ್ಲಿ ಕಾಪಿಡುವ ಯೋಜನೆ ಅದು. ಧಾರವಾಡದ ಆ ಯಜಮಾನರು, ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ, ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರು. ನನ್ನ ಕೆಲಸ ಏನೆಂದು ಕೇಳಿ ತಿಳಿದು, "ಹಂಗಾರ ನಮ್ಮ ಅತ್ತಿಯವರ ಕಡೆ ಬಾ. ಅವರು ಬಂಗಾಲದವರು. ಇಂಗ್ರೇಜರ ಜೋಡಿ ಬಡದಾಡ್ಯಾರ, ಜೇಲಿಗೆ ಹೋಗ್ಯಾರ. ಇಂಗ್ರೇಜರು ಹೋದ ಮ್ಯಾಲೆ ನನ್ನ ಜೋಡಿ ಬಡದಾಡ್ತಾರ" ಎಂದು ಆಹ್ವಾನಿಸಿದ್ದರು.

ಆ ಅತ್ತೆಯೇ ಮಾಶಿಮಾ. ಬಂಗಾಲಿಯಲ್ಲಿ ಅದು ತಾಯಿಯ ಅಕ್ಕತಂಗಿಯರನ್ನು ಕರೆಯುವ ಮಾತು, ನಮ್ಮ ಕಡೆಯ ಮೌಶಿ. ತೊಂಬತ್ತರ ಹತ್ತಿರದ ವಯಸ್ಸು. ಬಿಳಿ ಹತ್ತಿ ಸೀರೆಯ ಮೇಲೆ ಮೊಮ್ಮಕ್ಕಳ ಹಳೆಯ ಸ್ವೆಟರ್. ಮಗಳನ್ನು ಅಂಕಲ್‌ಗೆ ಕೊಟ್ಟಿದ್ದರು, ವಯಸ್ಸಾದ ಮೇಲೆ ಎಷ್ಟೋ ವರ್ಷ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲೇ ಇದ್ದರಂತೆ. ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಕಲಿತ ಅವರ ಕನ್ನಡಕ್ಕೆ ಬಂಗಾಲಿಯ ರಾಗ, ಹುಬ್ಬಳ್ಳಿಯ ಖಾರ. ರೆಕಾರ್ಡಿಂಗ್ ಯಾವ ಭಾಷೆಯಲ್ಲಿ ಎಂದು ಕೇಳಿದಾಗ, "ನಿನ್ನ ಜೋಡಿ ಕನ್ನಡನ. ಬಂಗಾಲ್ಯಾಗ ಹೇಳಿದ್ರ ಮಗಳು ನಡುವ ತಿದ್ದತಾಳ" ಎಂದರು. ಅದರಂತೆ ಅವರು ಕನ್ನಡದಲ್ಲಿ ಹೇಳುವುದು, ನಾನು ಬರೆದಿಳಿಸಿ ಇಂಗ್ಲಿಷಿಗೆ ಅನುವಾದಿಸುವುದು ಎಂದಾಯಿತು.

ನಾನು ರಬಕವಿ ಕಡೆಯ ನೇಕಾರರ ಮನೆಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಲೇ ಬಿ.ಎ. ಓದಿದೆ, ಇಲ್ಲಿಗೆ ಬಂದ ಮೇಲೆ ಗ್ರಂಥಾಲಯ ವಿಜ್ಞಾನ ಓದಿದೆ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದವರಿಗೆ ನಿಯಮದ ಮೇಲೆ ಭಕ್ತಿ ಜಾಸ್ತಿ. ಯೋಜನೆಯ ಕೈಪಿಡಿಯಲ್ಲಿ ಏನಿತ್ತೋ ಅದನ್ನು ಅಕ್ಷರ ಬಿಡದೆ ಮಾಡುತ್ತಿದ್ದೆ. ಮೊದಲು ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ಆಮೇಲೆ ಓದು, ಗೆಳೆಯರು, ಘಟನೆಗಳು, ಕಾಲಕ್ರಮದಲ್ಲಿ. ಮುಖ್ಯ ಪ್ರಶ್ನೆಗಳನ್ನು ಕೆಲವು ತಿಂಗಳು ಬಿಟ್ಟು, ಬೇರೆ ಜಾಗದಲ್ಲಿ, ಬೇರೆ ಮಾತಿನಲ್ಲಿ ಮತ್ತೊಮ್ಮೆ ಕೇಳಬೇಕು. ಎರಡು ಉತ್ತರಗಳನ್ನು ಹೋಲಿಸಿ ನೆನಪು ಎಷ್ಟು ಗಟ್ಟಿ ಎಂದು ನೋಡಬೇಕು.

ಮೈಕನ್ನು ಸೀರೆಯ ಸೆರಗಿಗೆ ಸಿಕ್ಕಿಸಿ, ಯಾರೂ ಮಾತಾಡದ ಕೋಣೆಯ ಮೌನವನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಂಡೆ. ಮುಂದೆ ಎಲ್ಲಾದರೂ ಕೆಮ್ಮನ್ನೋ ಫೋನ್ ಗಂಟೆಯನ್ನೋ ಕತ್ತರಿಸಿದರೆ ಆ ಜಾಗಕ್ಕೆ ತೇಪೆ ಹಾಕಲು ಇದು ಬೇಕಾಗುತ್ತದೆ. ಆಮೇಲೆ ಪ್ರಶ್ನೆ ಶುರು ಮಾಡಿದೆ. ನಾಲ್ಕನೆಯ ಪ್ರಶ್ನೆಗೆ ಮಾಶಿಮಾ ನಗತೊಡಗಿದರು.

"ಇದ ಪ್ರಶ್ನಿ, ಇದ ಸಾಲಿನ್ಯಾಗ ನನಗ ಮೊದಲೂ ಕೇಳ್ಯಾರ."

"ಯಾರ್ರಿ ಮಾಶಿಮಾ?"

"ಪೊಲೀಸ್ ಸಾಹೇಬ. ಅವಾ ಕುರ್ಚಿ ಕೊಟ್ಟಿರಲಿಲ್ಲ, ಅಷ್ಟ ಫರಕು."

ನಾನೂ ನಕ್ಕೆ. ಆ ಮಾತಿನ ಒಳಗೆ ಕಿವಿಗೊಡಬೇಕಾದದ್ದು ಏನೋ ಇದೆ ಎಂದು ಅಂದು ಹೊಳೆಯಲಿಲ್ಲ.

ಅವರು ಹೇಳಿದ ಕಥೆ ಇಷ್ಟು. ಮೂವತ್ತರ ದಶಕದಲ್ಲಿ ಪೂರ್ವ ಬಂಗಾಲದ ಒಂದು ಜಿಲ್ಲಾ ಪಟ್ಟಣದಲ್ಲಿ ಕಾಲೇಜು ಓದುತ್ತಿದ್ದಾಗ ಗುಪ್ತ ಗುಂಪೊಂದಕ್ಕೆ ಸೇರಿದರು. ಪುಸ್ತಕಗಳ ನಡುವೆ ಸಂದೇಶ ಸಾಗಿಸುವುದು ಅವರ ಕೆಲಸ. ಒಂದೆರಡು ಸಲ ಬಟ್ಟೆಯಲ್ಲಿ ಸುತ್ತಿದ ಭಾರದ ಪೊಟ್ಟಣಗಳನ್ನೂ ಸಾಗಿಸಿದ್ದುಂಟು, ಬಿಚ್ಚಿ ನೋಡಿದವರಲ್ಲ. ಒಬ್ಬ ಅಧಿಕಾರಿಯ ಮೇಲೆ ದಾಳಿಯಾದಾಗ ಊರಿಡೀ ತಪಾಸಣೆ ನಡೆಯಿತು. ಅದಾದ ಮೇಲಿನ ಕೆಲವು ತಿಂಗಳು ಅವರು ಊರಲ್ಲಿರಲಿಲ್ಲ. ಆಮೇಲೆ ಬಂಧನ, ವಿಚಾರಣೆಯಿಲ್ಲದೆ ಹಲವು ವರ್ಷ ಸೆರೆಮನೆ. ಸ್ವಾತಂತ್ರ್ಯದ ಜೊತೆಗೇ ದೇಶ ಒಡೆದು, ಗಡಿಯಾಚೆಯಿಂದ ಜನ ಕಲ್ಕತ್ತೆಯ ರೈಲು ನಿಲ್ದಾಣಕ್ಕೆ ಬಂದು ಬಿದ್ದಾಗ ಅವರ ನಡುವೆ ಕೆಲಸ. ಕೊನೆಗೆ ನಿರಾಶ್ರಿತ ಹೆಂಗಸರಿಗಾಗಿ ಒಂದು ನೇಯ್ಗೆ ಕೇಂದ್ರ ತೆರೆದು, ವಯಸ್ಸಾಗುವವರೆಗೂ ಅದನ್ನು ನಡೆಸಿದರು.

ಊರಲ್ಲಿರದ ಆ ತಿಂಗಳುಗಳ ಬಗ್ಗೆ ಕೇಳಿದಾಗ ಮಾತ್ರ ಅವರು ಇಂಗ್ಲಿಷಿಗೆ ಹೊರಳಿದರು. ಶಾಲೆಯ ಪಠ್ಯಪುಸ್ತಕದಂಥ ಇಂಗ್ಲಿಷ್. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನಾನು ನನ್ನ ಸೋದರಮಾವನ ಮನೆಯಲ್ಲಿದ್ದೆ. ನನಗೆ ವಿಷಮಜ್ವರ ಬಂದಿತ್ತು. ಉತ್ತರದ ಕೋಣೆಯಲ್ಲಿ ಮಲಗಿದ್ದೆ. ಆ ಕೋಣೆಗೆ ಒಂದೇ ಕಿಟಕಿ, ಅದಕ್ಕೆ ಹಸಿರು ಬಣ್ಣ. ಜ್ವರ ಇಳಿದ ಮೇಲೆ ಅತ್ತೆ ಬಾರ್ಲಿ ನೀರು ಕುಡಿಸಿದರು. ಹೊರಗೆ ಏನು ನಡೆದಿತ್ತೆಂದು ನನಗೆ ಗೊತ್ತಿರಲಿಲ್ಲ."

ಸಂಗ್ರಹಕ್ಕೆ ಅನುಕೂಲವಾಗಲಿ ಎಂದು ಇಂಗ್ಲಿಷಿನಲ್ಲಿ ಹೇಳಿದರೇನೋ ಅಂದುಕೊಂಡೆ. ಅಡುಗೆಮನೆಯಿಂದ ಅವರ ಮಗಳು, "ಆ ಬಾರ್ಲಿ ನೀರು ನಮಗೂ ಬಿಟ್ಟಿಲ್ಲ ನೋಡು. ಸಣ್ಣಾಕಿದ್ದಾಗ ಮೈ ಬಿಸಿ ಆದ್ರ ಸಾಕು, ಮಾವನ ಮನಿ ಕಥಿ ಹೇಳಿ ಕುಡಸ್ತಿದ್ಲು" ಎಂದು ಕೂಗಿ ಹೇಳಿದರು.

ಚಳಿಗಾಲ ಬಂದಾಗ ಮಾಶಿಮಾ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿರುವ ಮಗನ ಮನೆಗೆ ಹೋದರು. ಪ್ರತಿ ವರ್ಷದ ಏರ್ಪಾಡು. ಕೈಪಿಡಿ ಹೇಳುವ ಬೇರೆ ಜಾಗ, ಬೇರೆ ಕಾಲ ತಾನಾಗಿ ಒದಗಿತ್ತು. ಬೆಳಿಗ್ಗೆ ಬೇಗ ಹೊರಟು, ನಾಲ್ಕು ನೂರಾ ಐದನೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ತೆವಳಿ ಅಲ್ಲಿಗೆ ಡ್ರೈವ್ ಮಾಡಿದೆ. ಫ್ರಿಜ್ಜಿನೊಳಗೆ ಕೀ ಇಟ್ಟೆ. ಸೆರೆಮನೆಯ ಊಟ, ನಿರಾಶ್ರಿತರ ಸಾಲು, ನೇಯ್ಗೆ ಕೇಂದ್ರಕ್ಕೆ ಜಾಗ ಕೊಡಲೊಪ್ಪದ ಮನೆಮಾಲೀಕರು, ಎಲ್ಲ ಕೇಳಿದ ಮೇಲೆ, ಬೇರೆ ಯಾವುದೋ ಮಾತಿನ ಬಾಲ ಹಿಡಿದು, ಆ ತಿಂಗಳುಗಳ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅವರು ಮತ್ತೆ ಇಂಗ್ಲಿಷಿಗೆ ಹೊರಳಿ ಉತ್ತರ ಕೊಟ್ಟರು.

ಮೈಕಿನ ಬ್ಯಾಟರಿ ಬದಲಿಸುತ್ತಿದ್ದಾಗ ಇನ್ನೊಂದು ನಡೆಯಿತು. ಅವರ ಶಾಲಿನ ಅಂಚಿನಲ್ಲಿ ಒಂದು ಎಳೆ ಹರಿದು ಜೋಲುತ್ತಿತ್ತು. ಪಕ್ಕದ ದೇವರ ಗೂಡಿನಲ್ಲಿದ್ದ ಊದುಬತ್ತಿಯ ಬೂದಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು, ಎರಡು ತುದಿಗಳನ್ನು ಜೋಡಿಸಿ, ಒಮ್ಮೆ ಹೊಸೆದು ಬಿಟ್ಟರು. ಗಂಟಿಲ್ಲ, ಎಳೆ ಕೂಡಿತ್ತು.

ಕೈಯಲ್ಲಿದ್ದ ಬ್ಯಾಟರಿ ಹಾಗೇ ಉಳಿಯಿತು. ನಮ್ಮಲ್ಲಿ ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಮಗ್ಗಕ್ಕೆ ಹೊಸ ನೂಲು ಏರಿಸುವಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೂದಿ ಹಚ್ಚಿ ಹೊಸೆದು ಕೂಡಿಸಬೇಕು, ಸಾವಿರಾರು ಎಳೆ. ನಮ್ಮವ್ವ ಹರಟೆ ಹೊಡೆಯುತ್ತಲೇ ಕೆಚ್ಚುತ್ತಾಳೆ. ನಾನು ವರ್ಷಗಟ್ಟಲೆ ಪಕ್ಕದಲ್ಲಿ ಕೂತರೂ ನನ್ನ ಎಳೆ ಅರ್ಧಕ್ಕರ್ಧ ಬಿಚ್ಚಿಕೊಳ್ಳುತ್ತಿತ್ತು. ನೇಯ್ಗೆ ಕೇಂದ್ರವನ್ನು ಮೇಜಿನ ಹಿಂದೆ ಕೂತು ನಡೆಸಿದವರಿಗೆ ಬರುವ ಕೈಯಲ್ಲ ಇದು. ಎಳೆ ವಯಸ್ಸಿನಲ್ಲಿ ಯಾರೋ ಪಕ್ಕದಲ್ಲಿ ಕೂರಿಸಿಕೊಂಡು ಬೈದು ಕಲಿಸಿದ ಕೈ.

"ಇದನ್ನ ಎಲ್ಲಿ ಕಲತ್ರಿ ಮಾಶಿಮಾ?"

"ಪುಸ್ತಕದಾಗ ಓದೀನಿ," ಎಂದು ಕಿಟಕಿಯ ಕಡೆ ತಿರುಗಿದರು.

ಮರುವಾರ ಆಫೀಸಿನಲ್ಲಿ ಬರೆದಿಳಿಸಲು ಕೂತೆ. ಕಾಲಿನ ಕೆಳಗೆ ಪೆಡಲ್; ಒತ್ತಿದರೆ ಧ್ವನಿ ಓಡುತ್ತದೆ, ಹಿಂದಕ್ಕೆ ಒತ್ತಿದರೆ ಹಿಂದೆ ಸರಿಯುತ್ತದೆ. ವಿಷಮಜ್ವರದ ಭಾಗ ಬಂದಾಗ ಬೆರಳುಗಳು ಧ್ವನಿಗಿಂತ ಮುಂದೆ ಓಡುತ್ತಿದ್ದವು. ಮುಂದಿನ ಮಾತು ಯಾವುದೆಂದು ನನಗೆ ಗೊತ್ತಿತ್ತು. ಬೇಸಿಗೆಯ ರೆಕಾರ್ಡಿಂಗನ್ನೂ ತೆಗೆದು ಕಂಪ್ಯೂಟರಿನ ತೆರೆಯ ಮೇಲೆ ಎರಡನ್ನೂ ಒಂದರ ಕೆಳಗೆ ಒಂದಿಟ್ಟೆ. ಧ್ವನಿ ಅಲ್ಲಿ ಅಲೆಯಾಗಿ ಕಾಣುತ್ತದೆ. ಎತ್ತರ, ತಗ್ಗು, ಉಸಿರು ತೆಗೆದುಕೊಂಡ ಜಾಗ, ಎಲ್ಲ ಒಂದೇ. 'ಹಸಿರು ಬಣ್ಣ' ಎನ್ನುವ ಮೊದಲಿನ ಚಿಕ್ಕ ತಡೆ ಕೂಡ ಅದೇ ಜಾಗದಲ್ಲಿತ್ತು.

ವಿಭಾಗದ ಮುಖ್ಯಸ್ಥೆಯನ್ನು ಕರೆದು ತೋರಿಸಿದೆ. ಕೆಲಸದಲ್ಲಿ ಬಹಳ ಕಟ್ಟುನಿಟ್ಟಾದ, ಆದರೆ ಕೆಳಗಿನವರ ಮಾತಿಗೆ ಕಿವಿಗೊಡುವ ಅಮೆರಿಕನ್ ಹೆಂಗಸು. ಅವರಿಗೆ ಸಂತೋಷವೋ ಸಂತೋಷ.

"ಈ ವಯಸ್ಸಿನಲ್ಲಿ ಇಷ್ಟು ಗಟ್ಟಿ ನೆನಪನ್ನು ನಾನು ಕಂಡಿಲ್ಲ. ಇದನ್ನು ಸಮಿತಿಗೆ ಕಳಿಸೋಣ. ಒಪ್ಪಿಗೆ ಸಿಗುವುದರಲ್ಲಿ ಅನುಮಾನವೇ ಇಲ್ಲ" ಎಂದರು.

ಯೋಜನೆಯ ಸಮಿತಿ ಒಪ್ಪಿದರೆ ಆ ಕಡತವೇ ಶಾಶ್ವತ. ಆಮೇಲೆ ತಿದ್ದುವಂತಿಲ್ಲ.

ನನಗೆ ಸಮಾಧಾನವಾಗಲಿಲ್ಲ. ನಮ್ಮಪ್ಪ ಹೊಳೆ ಬಂದು ಮಗ್ಗ ಮುಳುಗಿದ ಕಥೆಯನ್ನು ಎಷ್ಟು ಸಲ ಹೇಳಿದರೂ ಅಷ್ಟೂ ಸಲ ನೀರು ಬೇರೆ ಬೇರೆ ಎತ್ತರಕ್ಕೆ ಬರುತ್ತಿತ್ತು. ಒಮ್ಮೆ ಮೊಣಕಾಲು, ಒಮ್ಮೆ ಸೊಂಟ. ಆದರೆ ಹೊಳೆ ಬಂದದ್ದು ನಿಜ. ಕಂಡದ್ದನ್ನು ಹೇಳುವವರು ಪ್ರತಿ ಸಲವೂ ಹೊಸದಾಗಿ ಕಾಣುತ್ತಾರೆ. ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳುವುದು ಬಾಯಿಪಾಠವನ್ನು ಮಾತ್ರ. ಮಾಶಿಮಾ ಬಾಯಿಪಾಠವನ್ನು ಇಂಗ್ಲಿಷಿನಲ್ಲಿ ಯಾರಿಗಾಗಿ ಮಾಡಿದ್ದರು? ಅವರನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದವರು ಯಾರು? ಅವರೇ ಮೊದಲ ದಿನ ಹೇಳಿದ್ದರು. ಕುರ್ಚಿ ಕೊಡದ ಸಾಹೇಬ.

ಅಂದರೆ ಪೊಲೀಸರಿಗೆ ಹೇಳಿದ್ದನ್ನೇ ನನಗೂ ಹೇಳಿದ್ದರು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ, ಬೇರೆ ಬೇರೆ ಮಾತಿನಲ್ಲಿ ಕೇಳಿ ಹೋಲಿಸುವುದು ಪೊಲೀಸರ ಕ್ರಮವೂ ಹೌದು. ಕೈಪಿಡಿ ಹಿಡಿದು ನಾನು ಅವರ ಮುಂದೆ ಕೂತ ರೀತಿಗೆ ಸಿಗಬೇಕಾದ ಉತ್ತರವೇ ಸಿಕ್ಕಿತ್ತು. ಹಾಗಾದರೆ ಆ ತಿಂಗಳು ಅವರು ಎಲ್ಲಿದ್ದರು? ಎಳೆ ಕೆಚ್ಚಲು ಕಲಿಸಿದವರು ಯಾರು? ಈ ಕಡತ ಹೀಗೇ ಸಮಿತಿಗೆ ಹೋದರೆ, ತೊಂಬತ್ತರ ಹೊಸ್ತಿಲಲ್ಲಿರುವ ಮಾಶಿಮಾ ಜೊತೆಗೇ ಆ ಮನುಷ್ಯರೂ ಇಲ್ಲವಾಗುತ್ತಾರೆ. ಅವರ ಜಾಗದಲ್ಲಿ ಒಬ್ಬ ಸೋದರಮಾವ ಉಳಿಯುತ್ತಾನೆ.

ಇನ್ನೊಂದು ಕಡೆಯಿಂದಲೂ ಯೋಚಿಸಿದೆ. ಅಷ್ಟು ವರ್ಷ ಮುಚ್ಚಿಟ್ಟವರಿಗೆ ಕಾರಣ ಇರಬೇಕು. ನನ್ನ ಕುತೂಹಲಕ್ಕಾಗಿ ಅದನ್ನು ಕೆದಕುವ ಹಕ್ಕು ನನಗೆಲ್ಲಿಯದು? ಮೂರನೆಯ ಸಲ ಉಪಾಯದಿಂದ ಕೇಳಿ ಬಾಯಿ ಬಿಡಿಸಬಹುದಿತ್ತು, ಆ ಉಪಾಯಗಳೂ ಕೈಪಿಡಿಯಲ್ಲಿವೆ. ಹಾಗೆ ಮಾಡಬಾರದು ಎಂದು ನಿರ್ಧರಿಸಿದೆ. ಮುಖ್ಯಸ್ಥೆಗೆ ನನ್ನ ಅನುಮಾನವನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಕಡತವನ್ನು ತಡೆಹಿಡಿಯಲು ಕೇಳಿಕೊಂಡೆ.

"ನಿಮ್ಮ ಊಹೆ ತಪ್ಪಾದರೆ?" ಎಂದರು.

"ತಪ್ಪಾದರೆ ನಾನೇ ಕಳಿಸ್ತೀನಿ. ಸರಿಯಾಗಿದ್ದರೆ ನಾವು ಕಾಪಿಡ್ತಿರೋದು ಒಂದು ಪೊಲೀಸ್ ಹೇಳಿಕೆ."

ಕ್ಯಾಲೆಂಡರ್ ತಿರುವಿ ನೋಡಿ, "ಸಮಿತಿಯ ವಸಂತದ ಸಭೆಯ ತನಕ ಸಮಯ ಕೊಡ್ತೀನಿ" ಎಂದರು.

ಮಾಶಿಮಾ ಫೋರ್ ಎಸ್ ರ್ಯಾಂಚಿಗೆ ಮರಳಿದ ಮೇಲೆ ಹೋದೆ, ರೆಕಾರ್ಡರ್ ಒಯ್ಯದೆ. ಹಿತ್ತಲಲ್ಲಿ ನಿಂಬೆಗಿಡದ ಪಕ್ಕ ಬಿಸಿಲಿಗೆ ಕೂತಿದ್ದರು. ನನ್ನ ಬರಿಗೈ ನೋಡಿ, "ಇವತ್ತ ಮಷಿನ್ ಎಲ್ಲೈತಿ?" ಎಂದರು.

"ಬಿಟ್ಟ ಬಂದೀನ್ರಿ. ಒಂದ ಮಾತು ಹೇಳಿ ಹೋಗಾಕ ಬಂದೆ. ಆ ಜ್ವರದ ಕಥಿ ನನಗ ಬಾಯಿಪಾಠ ಅನಿಸ್ತು. ಎರಡೂ ಸಲ ಒಂದ ಉಸಿರು, ಒಂದ ರಾಗ. ಮತ್ತ ನೀವು ಕೆಚ್ಚೋದು ನೋಡೀನಿ. ಅದು ಪುಸ್ತಕದಾಗಿಂದಲ್ಲ. ನೀವು ಹೇಳಬೇಕು ಅಂತೇನಿಲ್ಲ. ನನಗ ಗೊತ್ತಾಗೇತಿ ಅನ್ನೋದು ನಿಮಗ ಗೊತ್ತಿರಲಿ ಅಂತ ಬಂದೆ."

ಮಾಶಿಮಾ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು.

"ಸಾಹೇಬರು ಎಷ್ಟ ಸಲ ಕೇಳಿದ್ರು. ಮಳಿ ಬಂದ ದಿನ ಕೇಳಿದ್ರು, ಹಬ್ಬದ ದಿನ ಕೇಳಿದ್ರು. ಎರಡೂ ಒಂದ ಐತಿ ಅಂತ ಅವರು ಖುಷಿ ಆದ್ರು. ನೀ ಯಾಕ ಖುಷಿ ಆಗಲಿಲ್ಲ?"

"ನಮ್ಮಪ್ಪ ಒಂದ ಕಥೀನ ಎರಡ ಸಲ ಒಂದ ನಮೂನಿ ಹೇಳಿಲ್ರಿ."

"ಶಾಣ್ಯಾ ಅದಾನ," ಎಂದರು.

ಆ ದಿನ ಅವರು ತಿಳಿಸಿದ್ದು, ಯಾಕೆ ಹೇಳಲಾಗದು ಎನ್ನುವ ಕಾರಣವನ್ನಷ್ಟೇ. ಆ ತಿಂಗಳುಗಳಲ್ಲಿ ಅವರನ್ನು ಅಡಗಿಸಿಟ್ಟಿದ್ದು ಒಂದು ಮುಸಲ್ಮಾನ ನೇಕಾರರ ಮನೆಯ ಯಜಮಾನಿ. ಹೊರಡುವ ದಿನ ಆಕೆ ಒಂದು ಮಾತು ತೆಗೆದುಕೊಂಡಿದ್ದರು. ತಾನು ಬದುಕಿರುವ ತನಕ ತನ್ನ ಊರು, ಮನೆಯ ಹೆಸರು ಯಾರ ಮುಂದೆಯೂ ಎತ್ತಬಾರದು. ಆಮೇಲೆ ದೇಶ ಒಡೆಯಿತು. ಯಾರ ಹೆಸರು ಯಾರ ಕಿವಿಗೆ ಬಿದ್ದರೆ ಏನಾಗುತ್ತದೆಂದು ಹೇಳಲಾಗದ ದಿನಗಳು. ನೇಯ್ಗೆ ಕೇಂದ್ರದಲ್ಲಿ ನೂಲಿಗೆ ಗಂಜಿ ಕೊಡುವುದನ್ನು ಮಾಶಿಮಾ ತಾವೇ ಕೂತು ಕಲಿಸುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದ ಎಲ್ಲರಿಗೂ ಪುಸ್ತಕದ ಉತ್ತರವೇ.

"ಆಕಿ ನಿಮಗಿಂತ ದೊಡ್ಡಾಕಿ ಅಂತೀರಿ. ಈಗ ಇರ್ತಾರೇನ್ರಿ?" ಎಂದೆ.

"ಸತ್ತ ಸುದ್ದಿ ನನಗ ಬಂದಿಲ್ಲ. ಬರೂತನಕ ಅದಾಳ."

ಎದ್ದು ಹೊರಟೆ. ಬಾಗಿಲ ತನಕ ಬಂದಾಗ ಹಿಂದಿನಿಂದ ಕರೆದರು.

"ಊರ ಹೇಳಬ್ಯಾಡ, ಮನಿ ಹೇಳಬ್ಯಾಡ ಅಂದಿದ್ಲು. ಗಂಜಿ ಮಾಡೂದು ಹೇಳಬ್ಯಾಡ ಅಂದಿರಲಿಲ್ಲ. ಹೊಡತ ಹೇಳಬ್ಯಾಡ ಅಂತೂ ಅಂದಿಲ್ಲ." ಯೋಚಿಸಿ ಮತ್ತೆ ಹೇಳಿದರು, "ಮುಂದಿನ ವಾರ ಮಷಿನ್ ತಗೊಂಡ ಬಾ. ಮಗಳೂ ಕುಂದ್ರಲಿ."

ಮುಂದಿನ ವಾರ ನಾನು ಕೈಪಿಡಿಯನ್ನು ಕಾರಿನಲ್ಲೇ ಬಿಟ್ಟೆ. ಹೆಸರಿನಿಂದ ಶುರು ಮಾಡದೆ, ಗಂಜಿಯಿಂದ ಶುರು ಮಾಡಿದೆ. ನಮ್ಮ ಕಡೆ ನೂಲಿಗೆ ಅಕ್ಕಿಯ ಗಂಜಿ, ಅಲ್ಲಿ ಯಾವುದು?

"ಅರಳಿಂದು. ಭತ್ತ ಹುರದು ಅರಳ ಮಾಡಿ, ನೆನಸಿ, ಕೈಲೆ ಹಿಚುಕಿ, ಒಂದಿಷ್ಟ ಸುಣ್ಣ ಹಾಕ್ತಾರ. ಅಕ್ಕಿ ಗಂಜಿ ಬಿರಸು. ಅರಳಿಂದು ಮೆತ್ತಗ, ಎಳಿ ಹರಿಯೂದಿಲ್ಲ. ಅದರಾಗ ನೂಲ ಅದ್ದಿ ಅದ್ದಿ ತಿಕ್ಕಬೇಕು. ಮೊದಲನೇ ದಿನ ನಾ ಅಕ್ಕಿ ತೊಳದಂಗ ತೊಳದೆ. ಆಕಿ ನೋಡಿ, ಇದು ಕಾಲೇಜಿನ್ಯಾಗ ಕಲಸೂದಿಲ್ಲೇನು ಅಂದ್ಲು."

ಈಗ ಅವರ ಮಾತು ಅಲೆದಾಡತೊಡಗಿತು. ಮಡಕೆ ಮೊದಲು ಕಪ್ಪಗಿತ್ತು, ಆಮೇಲೆ ಕೆಂಪಾಯಿತು. ಅಂಗಳದಲ್ಲಿ ಎರಡು ಆಡು ಇದ್ದವು, ಅಲ್ಲ, ಒಂದೇ ಆಡು. ಕಿವಿಯ ಹೆಡ್‌ಫೋನಿನಲ್ಲಿ ಇದನ್ನೆಲ್ಲ ಕೇಳುತ್ತ ನನಗೆ ನೆಮ್ಮದಿಯಾಗುತ್ತಿತ್ತು. ಮಗಳು, ನಾನು ಆಂಟಿ ಎನ್ನುತ್ತಿದ್ದವರು, ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಒಂದ ದಿನ ಪೊಲೀಸರು ದೋಣ್ಯಾಗ ಬಂದ್ರು. ನಾ ಒಳಗ ಓಡಾಕ ನೋಡಿದೆ. ಆಕಿ ನನ್ನ ರಟ್ಟಿ ಹಿಡದು ಗಡಗಿ ಮುಂದ ಕುಂದ್ರಿಸಿ, ಎರಡೂ ಕೈ ಗಂಜ್ಯಾಗ ಅದ್ದಿದ್ಲು. ಮೊಣಕೈ ತನಕ."

"ಯಾಕ್ರಿ?"

"ಕೈ ನೋಡಿದ್ರ ಸಿಕ್ಕ ಬೀಳ್ತಿದ್ದೆ. ಪೆನ್ನ ಹಿಡದ ಕೈ. ಬಳಿ ಇಲ್ಲ. ಹಳ್ಳಿ ಸೊಸಿ ಕೈ ಹಂಗಿರ್ತಾವೇನು? ಗಂಜ್ಯಾಗ ಎಲ್ಲಾರ ಕೈನೂ ಒಂದ. ಪೊಲೀಸರು ಅಂಗಳಕ್ಕ ಬಂದ ಕೂಡ್ಲೆ ನನ್ನ ಕಪಾಳಕ್ಕ ಹೊಡದ್ಲು. ಮೈಗಳ್ಳಿ, ಮುಂಜಾನಿಂದ ಒಂದ ಲಡಿ ನೂಲ ಮುಗಿಸಿಲ್ಲ ಅಂತ ಬೈದ್ಲು. ಒಬ್ಬ ಪೊಲೀಸಪ್ಪ ನಕ್ಕ. ಮನಿ ಒಳಗೆಲ್ಲಾ ಹುಡುಕಿ, ಹುಲ್ಲಿನ ಬಣವಿ ಕೆಡವಿ, ಹೋದ್ರು. ಬೈಸಿಕೊಳ್ಳೋ ಸೊಸಿನ್ನ ಯಾರ ನೋಡ್ತಾರ?"

"ಹಂಗಾರ ಹೊಡದಂಗ ಮಾಡಿದ್ರು."

"ಎಲ್ಲೀದು? ಖರೇನ ಹೊಡದ್ಲು. ನನಗ ಸಿಟ್ಟ ಬಂತು. ಹುಟ್ಟಿದಾಗಿಂದ ನನಗ ಯಾರೂ ಹೊಡದಿರಲಿಲ್ಲ."

"ಅವರು ಹೋದ ಮ್ಯಾಲೆ ಆಕಿ ಏನಂದ್ರು?"

"ಏನೂ ಅನ್ಲಿಲ್ಲ. ಇನ್ನೊಂದ ಲಡಿ ತಂದ ಕೊಟ್ಲು. ನೂಲು ಖರೇನ ಮುಗದಿರಲಿಲ್ಲ."

ಆಮೇಲೆ ಜ್ವರದ ಕಥೆ ಎಲ್ಲಿಂದ ಬಂತೆಂದು ಕೇಳಿದೆ. ಗುಂಪಿನ ಹಿರಿಯನೊಬ್ಬ ಅದನ್ನು ಇಂಗ್ಲಿಷಿನಲ್ಲಿ ಕಟ್ಟಿ, ಬಾಯಲ್ಲಿ ಹೇಳಿಕೊಟ್ಟು ಹೋಗಿದ್ದನಂತೆ. ಅದನ್ನು ಗಟ್ಟಿ ಮಾಡಿಸಿದ್ದು ಆ ಯಜಮಾನಿ. ನೂಲು ತಿಕ್ಕುತ್ತ ಕೂತಾಗಲೆಲ್ಲ ಹೇಳಿಸುತ್ತಿದ್ದರು.

"ಆಕಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಆದ್ರ ರಾಗ ತಪ್ಪಿದ್ರ ಗೊತ್ತಾಗ್ತಿತ್ತು. ಅಲ್ಲೆ ತಡದಿ, ಮತ್ತ ಹೇಳು ಅಂತಿದ್ಲು. ಹಸರ ಕಿಟಕಿ ಹತ್ರ ನಾ ತಡೀತಿದ್ದೆ. ಅದು ಹೋಗಲೇ ಇಲ್ಲ. ಕಡೀಗೆ ಆಕಿ, ಇರಲಿ ಬಿಡು, ದಿನಾ ಅಲ್ಲೇ ತಡೀ ಅಂದ್ಲು."

ತಾಯಿ ಮಗಳು ತಮ್ಮೊಳಗೆ ಬಂಗಾಲಿಯಲ್ಲೇ ಮಾತಾಡಿಕೊಳ್ಳುವವರು. ಅಂದು ಆಂಟಿ ಕನ್ನಡದಲ್ಲಿ ಕೇಳಿದರು. ನಡುವೆ ಮೂರನೆಯವರೊಬ್ಬರು ಇರಲಿ ಅನಿಸಿತೋ ಏನೋ.

"ಆ ಮಾವ, ಮಾ? ಅವನ ಮನಿ?"

"ನಾ ಹುಟ್ಟೂಕಿಂತ ಮೊದಲ ಸತ್ತಿದ್ದ."

ಆಂಟಿ ಎದ್ದು ಒಳಗೆ ಹೋದರು. ನಲ್ಲಿ ನೀರು ಬಿಟ್ಟ ಸದ್ದು ರೆಕಾರ್ಡಿಂಗಿನಲ್ಲಿದೆ. ಅದನ್ನು ನಾನು ತೆಗೆದಿಲ್ಲ. ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು ಬಂದು, ಅದೇ ಕುರ್ಚಿಯಲ್ಲಿ ಕೂತು, "ಮತ್ತ ಬಾರ್ಲಿ ನೀರು?" ಎಂದರು.

"ಅದು ಖರೇ. ಜೇಲಿನ ದವಾಖಾನ್ಯಾಗ ಕುಡದೀನಿ. ಭಾಳ ಕೆಟ್ಟ ಇರ್ತಿತ್ತು."

"ನಮಗೂ ಕೆಟ್ಟ ಇರ್ತಿತ್ತು," ಎಂದು ಆಂಟಿ ತಾಯಿಯ ಕೈ ಹಿಡಿದುಕೊಂಡರು.

ಧ್ವನಿಮುದ್ರಿಸಿದ್ದನ್ನು ಹೇಳಿದವರಿಗೇ ಕೇಳಿಸಿ ಒಪ್ಪಿಗೆ ಪಡೆಯುವುದು ನಮ್ಮ ಕ್ರಮ. ಕೇಳಿಸುವಾಗ ಒಂದು ಕಡೆ ಮಾಶಿಮಾ ಕೈ ಎತ್ತಿದರು. ಮಾತಿನ ಭರದಲ್ಲಿ ದೋಣಿ ಬಂದ ನದಿಯ ಹೆಸರು ಹೊರಬಿದ್ದಿತ್ತು. "ತಗಿ" ಎಂದರು. ಕತ್ತರಿಸಿ, ಆ ಜಾಗಕ್ಕೆ ಅದೇ ಮನೆಯ ಮೌನವನ್ನು ಕೂರಿಸಿದೆ. ಮೂರು ಸಲ ಕೇಳಿಸಿಕೊಂಡು, ಬೆಸುಗೆ ಕಾಣುವುದಿಲ್ಲ ಎಂದಾದ ಮೇಲೆ ಒಪ್ಪಿದರು. ಆ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.

ಮುಖ್ಯಸ್ಥೆ ನನ್ನ ಅನುವಾದವನ್ನು ಓದಿ ಬಾಗಿಲು ಹಾಕಿಕೊಂಡು ಕೂತರು. ಆಮೇಲೆ ಕರೆದು, "ನಿಮ್ಮ ಊಹೆ ಸರಿ. ಈಗ ಮೊದಲಿನ ಎರಡು ರೆಕಾರ್ಡಿಂಗಿನಲ್ಲಿರುವ ಜ್ವರದ ಭಾಗವನ್ನು ತೆಗೆದುಬಿಡಿ. ಸುಳ್ಳೆಂದು ಗೊತ್ತಿದ್ದೂ ಅದನ್ನು ಜೀವನಕಥೆ ಎಂದು ಇಡಲಾಗುವುದಿಲ್ಲ" ಎಂದರು. ನಿಯಮದ ಪ್ರಕಾರ ಅವರ ಮಾತು ಸರಿಯಾಗಿತ್ತು. ನನಗೂ ಹಾಗೇ ಅನಿಸಿತು. ತೆಗೆಯಬೇಕಾದರೆ ಕಥೆ ಹೇಳಿದವರ ಒಪ್ಪಿಗೆ ಬೇಕೆಂದು ಫೋರ್ ಎಸ್ ರ್ಯಾಂಚಿಗೆ ಹೋದೆ.

ವಿಷಯ ಕೇಳಿ ಮಾಶಿಮಾ ಮುಖ ಗಂಟಿಕ್ಕಿದರು.

"ಒಗೀಬ್ಯಾಡ. ಅದು ಸುಳ್ಳ ಇರಬಹುದು. ಆದ್ರ ಆಕಿ ಕಲಿಸಿದ್ದು. ಆಕಿ ಕಿವಿ ಅದರಾಗ ಐತಿ. ನಾ ಈಗ ಹೇಳಿದ್ದರಾಗ ಆಕಿ ಸುದ್ದಿ ಐತಿ, ಅಷ್ಟ. ಆಕಿ ಮಾಡಿದ ಕೆಲಸ ಇರೂದು ಅದರಾಗ."

ಅಲ್ಲಿಯವರೆಗೆ ಪೇಪರ್ ಓದುತ್ತಿದ್ದ ಅಂಕಲ್ ತಲೆ ಎತ್ತಿ, "ನೋಡವಾ, ಇಂಗ್ರೇಜರು ಯಾಕ ಓಡಿಹೋದ್ರು ಗೊತ್ತಾತೇನು?" ಎಂದರು.

ಈ ಮಾತನ್ನು, ಅಂಕಲ್ ಮಾತನ್ನು ಬಿಟ್ಟು, ಮುಖ್ಯಸ್ಥೆಯ ಮುಂದೆ ಹಾಗೇ ಇಟ್ಟೆ. ಹಸಿರು ಬಣ್ಣದ ಮೊದಲಿನ ತಡೆಯನ್ನು ಎರಡೂ ರೆಕಾರ್ಡಿಂಗಿನಲ್ಲಿ ಮತ್ತೆ ಕೇಳಿಸಿದೆ. ಅದನ್ನು ಅಲ್ಲಿ ಉಳಿಸಿದವರು ಯಾರೆಂದು ಹೇಳಿದೆ. ಅವರು ಹೆಡ್‌ಫೋನ್ ತೆಗೆಯದೆ ಇನ್ನೊಂದು ಸಲ ಕೇಳಿದರು. ಕೊನೆಗೆ ಸಮಿತಿಗೆ ಅವರೇ ವಿವರಣೆ ಬರೆದರು. ಜ್ವರದ ಕಥೆಯೂ ಗಂಜಿಯ ಕಥೆಯೂ ಜೊತೆಗೇ ಇರಬೇಕು, ಯಾವುದು ಯಾರಿಗೆ ಹೇಳಿದ್ದೆಂದು ಕೇಳುವವರಿಗೆ ತಿಳಿಸಬೇಕು ಎಂದು. ಸಮಿತಿ ಒಪ್ಪಿತು.

ಸುದ್ದಿ ಹೇಳಲು ಫೋನ್ ಮಾಡಿದೆ. ಮಾಶಿಮಾ ಕೇಳಿದರು, "ಯಾವುದು ಮೊದಲ ಇಡ್ತಿ?"

ಅದನ್ನು ನಾನು ಯೋಚಿಸಿರಲಿಲ್ಲ. ನಿಜವಾದದ್ದು ಮೊದಲಿರಲಿ ಅಂತ ಹೇಳಿದೆ.

"ಬ್ಯಾಡ. ಜ್ವರದ್ದ ಮೊದಲ ಇಡು," ಎಂದರು. "ಪೊಲೀಸರು ಬಂದ್ರ ಅಷ್ಟ ಕೇಳಿ ಎದ್ದ ಹೋಗ್ತಾರ."

ಹಾಗೇ ಇಟ್ಟಿದ್ದೇನೆ.